ನನ್ನ ಟೇಬಲ್ಲಿಗೆ ದಾರ ಹಿಡಿಯದವನು

"ರೆಕ್ಕೆ ಲೆಕ್ಕಕ್ಕಿಲ್ಲ."

ಅವನು ನನಗೆ ಹೇಳಿದ ಮೊದಲ ಮಾತು ಇದು. ಮುಖ ಎತ್ತಿ ನೋಡಲಿಲ್ಲ, ಕಾಟಾಚಾರಕ್ಕೂ ನಗಲಿಲ್ಲ. ಮೇಜಿನ ಮೇಲೆ ಬಗ್ಗಿ, ಎಡಗಣ್ಣು ಮುಚ್ಚಿ, ಎರಡು ಬೆರಳಲ್ಲಿ ಕೆಂಪು ದಾರದ ತುದಿ ಹಿಡಿದು, ನನ್ನ ಆಟದ ಹಡಗಿನ ಗುರಿಗೆ ಎದುರಾಳಿ ಸಿಕ್ಕಿಲ್ಲವೆಂದು ತೀರ್ಪು ಕೊಟ್ಟುಬಿಟ್ಟ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎದುರಿನ ಹಡಗಿನ ರೆಕ್ಕೆ ಇಷ್ಟುದ್ದ ಒಳಗೆ ಚಾಚಿಕೊಂಡಿದೆಯಲ್ಲ, ಅದು ಕಾಣುವುದಿಲ್ಲವೇ ಎಂದು ಕೇಳಿದೆ. ಅವನು ದಾರ ಸಡಿಲಿಸಲಿಲ್ಲ. ರೆಕ್ಕೆ ಬರೀ ಅಲಂಕಾರ, ಹಡಗು ಎಂದರೆ ಅದು ನಿಂತಿರುವ ಜಾಗ ಅಷ್ಟೇ ಎಂದು ನಿಧಾನವಾಗಿ ಬಿಡಿಸಿ ಹೇಳಿದ. ಆಮೇಲೆ ಮುಚ್ಚಿದ್ದ ಕಣ್ಣು ತೆರೆದು ನನ್ನ ಕಡೆ ನೋಡಿದ. ದಾರದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಜಗಳಕ್ಕೆಂದು ಜೋಡಿಸಿಟ್ಟುಕೊಂಡಿದ್ದ ಮುಂದಿನ ಮಾತು ನನಗೆ ಮರೆತೇ ಹೋಯಿತು.

ಅದು ಸೈಕಲ್ ಅಂಗಡಿಯ ಮೇಲಿನ ಕೋಣೆ. ಭಾನುವಾರ ಮಧ್ಯಾಹ್ನ ಅಲ್ಲಿ ಹತ್ತಾರು ಜನ ಸೇರಿ ಅಂತರಿಕ್ಷ ಯುದ್ಧ ಆಡುತ್ತಾರೆ. ಮೇಜಿಗೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಬಿಳಿ ಬಣ್ಣದ ಚುಕ್ಕೆಗಳೇ ನಕ್ಷತ್ರ, ಅಂಗೈಯಷ್ಟಗಲದ ಪ್ಲಾಸ್ಟಿಕ್ ಹಡಗುಗಳು. ಪ್ರತಿ ಹಡಗೂ ಗಾಜಿನಂಥ ಕಡ್ಡಿಯ ಮೇಲೆ, ಕಡ್ಡಿ ಒಂದು ಚೌಕ ಪೀಠದ ಮೇಲೆ. ಪೀಠದ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಎರಡು ಗೆರೆ ಬರೆದಿರುತ್ತದೆ. ಆ ಗೆರೆಗಳನ್ನು ಮುಂದಕ್ಕೆ ಎಳೆದರೆ ನಡುವೆ ಯಾರು ಸಿಗುತ್ತಾರೋ ಅವರಿಗೆ ದಾಳ ಉರುಳಿಸಿ ಗುಂಡು ಹಾರಿಸಬಹುದು. ಹೊರಗುಳಿದವರು ಬಚಾವ್. ಸಿಕ್ಕಿದರೋ ಇಲ್ಲವೋ ಎಂಬುದಕ್ಕೇ ಎಲ್ಲ ಜಗಳ, ದಾರ ಬೇಕಾಗುವುದೂ ಅದಕ್ಕೇ.

ಆ ಕೋಣೆ ಡ್ರೈವರ್ ಮಾಮನದು. ಜೀವನವೆಲ್ಲ ಬಸ್ ಓಡಿಸಿ ನಿವೃತ್ತರಾದವರು. ಅಲ್ಲಿ ಅವರದು ಎರಡೇ ಕಾನೂನು. ತಕರಾರು ತೆಗೆದವರೇ ದಾರದ ಒಂದು ತುದಿ ಹಿಡಿಯಬೇಕು, ಆಮೇಲೆ ಮೋಸ ಆಯಿತು ಎನ್ನುವಂತಿಲ್ಲ. ಇನ್ನೊಂದು, ತನ್ನವರ ಟೇಬಲ್ಲಿಗೆ ತಾನು ತೀರ್ಪುಗಾರನಾಗಿ ದಾರ ಹಿಡಿಯಬಾರದು. ಹಿಂದೊಮ್ಮೆ ಭಾವನ ಆಟಕ್ಕೆ ಭಾಮೈದ ತೀರ್ಪು ಕೊಟ್ಟು ಮೇಜೇ ಮಗುಚಿ ಬಿದ್ದಿತ್ತಂತೆ. ತನ್ನವರು ಎಂದಮೇಲೆ ಕಣ್ಣು ಒಂದು ಕಡೆ ವಾಲಿಯೇ ವಾಲುತ್ತದೆ, ಓವರ್‌ಲೋಡ್ ಆದ ಬಸ್ಸಿನ ಹಾಗೆ, ಎನ್ನುತ್ತಿದ್ದರು ಮಾಮ.

ನಾನು ಆ ಕೋಣೆಗೆ ಆಡಲೆಂದು ಹೋದವಳಲ್ಲ. ಆಡುತ್ತಿದ್ದವನು ನನ್ನ ಅಣ್ಣ. ಕಾಯಿಲೆ ಹಾಸಿಗೆ ಹಿಡಿಸಿದ ಮೇಲೆ ಅವನು ಮಡಿಲಲ್ಲಿ ಒಂದು ಹಲಗೆ ಇಟ್ಟುಕೊಂಡು, ಕೂದಲೆಳೆಯಂಥ ಬ್ರಶ್ ಹಿಡಿದು, ತನ್ನ ದೊಡ್ಡ ಹಡಗಿಗೆ ಬಣ್ಣ ಹಚ್ಚುತ್ತಿದ್ದ. ಗಾಢ ನೀಲಿ ಮೈ, ಸಾಸಿವೆಯಷ್ಟು ಹಳದಿ ಕಿಟಕಿಗಳು. ಎಡರೆಕ್ಕೆ ಅರ್ಧ ಆಗಿತ್ತು, ಅಷ್ಟರಲ್ಲಿ ಕೈ ನಿಂತುಹೋಯಿತು. ಆ ಅರ್ಧ ರೆಕ್ಕೆ ಈಗಲೂ ಬರೀ ಬೂದು ಪ್ಲಾಸ್ಟಿಕ್. ನಾನು ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವವಳು, ಬಣ್ಣಕ್ಕೆ ಬಣ್ಣ ಕೂಡಿಸುವುದೇ ನನ್ನ ಹೊಟ್ಟೆಪಾಡು. ಆದರೂ ಆ ರೆಕ್ಕೆಯನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಅಣ್ಣ ಹೋದ ಮೇಲೆ ಅವನ ಹಡಗುಗಳ ಪೆಟ್ಟಿಗೆ ಕೊಟ್ಟು ಬಂದುಬಿಡೋಣವೆಂದು ಹೋದೆ. ಡ್ರೈವರ್ ಮಾಮ ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ, ಕುರ್ಚಿ ಎಳೆದುಕೊಟ್ಟರು. ಒಂದು ಆಟ ಆಡಿ ಹೋಗು ಮಗಳೇ ಎಂದರು. ಆ ಒಂದು ಆಟ ಮುಗಿಯಲೇ ಇಲ್ಲ. ಬೆಳೆದ ಹುಡುಗಿ ಆಟಿಕೆ ಹಿಡಿದುಕೊಂಡು ಓಡುತ್ತಾಳಲ್ಲ ಎಂದು ಅಮ್ಮ ಮೊದಮೊದಲು ಗೊಣಗಿದಳು. ಆಮೇಲೊಂದು ಭಾನುವಾರ ನಾನೇ ಬೇಡವೆಂದು ಕೂತಾಗ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು.

"ಅಲ್ಲಿಗೆ ಹೋದ ದಿನ ನೀನು ಅಳಲ್ಲ ಕಣೆ. ಹೋಗು."

ಆ ದಾರ ಹಿಡಿಯುವವನ ಬಗ್ಗೆ ಅಣ್ಣ ಹೇಳಿದ್ದು ನೆನಪಿತ್ತು. ಕನ್ನಡಕದವನು ದಾರ ಹಿಡಿದರೆ ಸೋತವನಿಗೂ ಬೇಜಾರಾಗುವುದಿಲ್ಲ ಎಂದಿದ್ದ. ಕನ್ನಡಕದವನೆಂದರೆ ಕನ್ನಡಕ ಹಾಕುವವನಲ್ಲ, ಬೀದಿಯ ತಿರುವಿನ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಊರಿಗೆಲ್ಲ ಕಣ್ಣು ಕೊಡುತ್ತಾನೆ, ತನಗೆ ಮಾತ್ರ ಬೇಕಾಗಿಲ್ಲ. ಅವನು ಆಡುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು, ಕರೆದಾಗ ಬರುತ್ತಿದ್ದ.

ನಾನು ಕರೆಯುತ್ತಲೇ ಇದ್ದೆ.

ಅವನು ಬಂದು ಬಗ್ಗುವಾಗ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸುತ್ತಿದ್ದ, ಹಡಗಿಗೆ ತಾಗಬಾರದೆಂದು. ಉಸಿರು ಬಿಟ್ಟರೆ ದಾರ ಅಲುಗುತ್ತದೆಂದು ಉಸಿರು ಹಿಡಿಯುತ್ತಿದ್ದ. ಈ ತುದಿಯಲ್ಲಿ ನಾನೂ ಹಿಡಿಯುತ್ತಿದ್ದೆ, ನನಗೆ ಕಾರಣ ಬೇರೆ. ಅವನ ರೆಪ್ಪೆಯ ಮೇಲೆ ಗಾಜಿನ ಪುಡಿಯೋ ಏನೋ ಒಂದು ಬಿಳಿ ಕಣ ಕೂತಿರುತ್ತಿತ್ತು. ಒರೆಸಿಕೊಳ್ಳಿ ಎಂದು ಹೇಳಬೇಕೆನ್ನಿಸುವುದು, ಹೇಳದೆ ಸುಮ್ಮನಿರುವುದು. ತೀರ್ಪು ಮುಗಿದ ಮೇಲೆ ದಾರವನ್ನು ಮೊದಲು ಯಾರು ಬಿಡಬೇಕೆಂದು ತಿಳಿಯದೆ ಇಬ್ಬರೂ ಹಿಡಿದುಕೊಂಡೇ ನಿಂತಿದ್ದೂ ಉಂಟು.

"ಅಲ್ಲ ಕಣಮ್ಮ, ಜಾಗ ಇಷ್ಟೊಂದಿದೆ. ನಿನ್ನ ಹಡಗು ಮಾತ್ರ ಯಾವಾಗ್ಲೂ ಗೆರೆ ಮೇಲೇ ಯಾಕೆ ಹೋಗಿ ನಿಲ್ಲುತ್ತೆ?" ಎಂದು ಡ್ರೈವರ್ ಮಾಮ ಕೇಳಿದರು ಒಮ್ಮೆ. ಕೋಣೆಯೆಲ್ಲ ನಕ್ಕಿತು. ಅವನು ಮಾತ್ರ ನಗದೆ ಕಿಟಕಿಯ ಹೊರಗೆ ನೋಡಿದ, ಕಿವಿ ಕೆಂಪಾಗಿತ್ತು.

ಅದಾದ ಮೇಲೆಯೇ ಏನೋ ಕೆಟ್ಟಿತು. ತೀರ್ಪುಗಳೆಲ್ಲ ನನಗೆ ಉಲ್ಟಾ ಬೀಳತೊಡಗಿದವು. ಒಂದು ಸಲವಾದರೆ ಸರಿ ಎನ್ನಬಹುದು. ಹಲ್ಲಿಗೂ ಒಸಡಿಗೂ ನಡುವಿನ ಸಂದು ಅಳೆಯುವ ಕಣ್ಣು ನನ್ನದು, ದಾರ ಎಲ್ಲಿ ಹಾಯುತ್ತದೆಂದು ನನಗೆ ಕಾಣುವುದಿಲ್ಲವೇ? ವರ್ಷದ ಕೊನೆಯ ಪಂದ್ಯಕ್ಕೆ ಒಂದು ವಾರ ಇರುವಾಗ, ನನ್ನ ಹಡಗು ಸ್ಪಷ್ಟವಾಗಿ ಗೆರೆಯ ಹೊರಗಿದ್ದರೂ ಅವನು ಒಳಗಿದೆ ಎಂದ. ನನಗೆ ತಡೆಯಲಾಗಲಿಲ್ಲ.

"ಊರಿಗೆಲ್ಲ ಕನ್ನಡಕ ಕೊಡ್ತೀರಲ್ಲ, ನಿಮಗೂ ಒಂದು ಮಾಡಿಸ್ಕೊಳ್ಳಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವನು ದಾರ ಸುತ್ತಿ ಮೇಜಿನ ಮೇಲಿಟ್ಟು ಹೋಗಿ ಕಿಟಕಿಯ ಬಳಿ ಕೂತ. ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ವರ್ಷದ ಕೊನೆಯ ಪಂದ್ಯಕ್ಕೆ ಪ್ರತಿಯೊಬ್ಬರೂ ತಮ್ಮ ದೊಡ್ಡ ಹಡಗನ್ನೇ ಇಳಿಸಬೇಕು. ಉರುಳಿದ ಹಡಗು ಮುಂದಿನ ವರ್ಷದವರೆಗೆ ಕೋಣೆಯ ಗಾಜಿನ ಕಪಾಟಿನಲ್ಲಿ, ಗೆದ್ದವರ ಲೆಕ್ಕದಲ್ಲಿ ಇರುತ್ತದೆ. ನನಗೆ ಇದ್ದ ದೊಡ್ಡ ಹಡಗು ಅಣ್ಣನದೊಂದೇ. ಈ ವರ್ಷ ಬಿಟ್ಟುಬಿಡು, ಯಾರೂ ಏನೂ ಅನ್ನುವುದಿಲ್ಲ ಎಂದರು ಮಾಮ. ಅಣ್ಣ ಇದನ್ನು ಹಾರಲಿ ಎಂದು ಮಾಡಿದ್ದು ಮಾಮ, ಪೆಟ್ಟಿಗೆಯಲ್ಲಿ ಮಲಗಲಿ ಎಂದಲ್ಲ ಎಂದೆ. ರಾತ್ರಿ ಅದು ಅಣ್ಣನ ಕೋಣೆಯ ಮೇಜಿನ ಮೇಲಿಲ್ಲದಿದ್ದರೆ ಅಮ್ಮನೂ ನಾನೂ ಆ ಕೋಣೆಗೆ ಹೇಗೆ ಕಾಲಿಡುವುದು ಎಂಬುದೊಂದೇ ನನ್ನ ಚಿಂತೆ.

ಎದುರಾಳಿ ವಕೀಲರು. ಕೋರ್ಟಿನಲ್ಲಿ ವಾದ ಮಾಡಿ ಸಾಲದೆ ಇಲ್ಲಿಗೂ ಬರುವವರು, ದಾಳ ಬಿದ್ದ ಬಗೆಗೂ ತಕರಾರು ತೆಗೆಯುತ್ತಾರೆ. ಆದರೂ ಆಟ ಚೆನ್ನಾಗಿ ನಡೆಯಿತು. ಸಂಜೆಯ ಬಿಸಿಲು ಕಪ್ಪು ಬಟ್ಟೆಯ ಮೇಲೆ ಅಡ್ಡ ಬಿದ್ದಿತ್ತು. ಅಣ್ಣನ ನೀಲಿ ಹಡಗು ಏಟು ತಿಂದು, ಇನ್ನೊಂದು ಗುಂಡು ತಾಗಿದರೆ ಮುಗಿಯಿತು ಎನ್ನುವಲ್ಲಿಗೆ ಬಂದು ನಿಂತಿತ್ತು. ವಕೀಲರು ತಮ್ಮ ಹಡಗನ್ನು ತಿರುಗಿಸಿ, ಸಿಕ್ಕಿತು ಎಂದರು. ಸಿಕ್ಕಿಲ್ಲ ಎಂದೆ ನಾನು. ಪೀಠದ ಮೂಲೆ ಗೆರೆಯನ್ನು ಮುಟ್ಟಿತೋ ಇಲ್ಲವೋ ಎನ್ನುವ ಹಾಗಿತ್ತು. ಈ ಸಲ ನಾನು ಬೇಕೆಂದು ನಿಲ್ಲಿಸಿದ್ದಲ್ಲ.

ಎಷ್ಟು ಜಗಳವಾಡಿದ್ದರೂ ಆ ಹೊತ್ತಿಗೆ ನನ್ನ ಕಣ್ಣು ಹೋದದ್ದು ಅವನ ಕಡೆಗೇ. ದಾರದ ಒಂದು ತುದಿ ಹಿಡಿದು ಕಾದೆ. ಅವನು ಎದ್ದು ಬಂದ, ತೋಳು ಮಡಿಸಲಿಲ್ಲ. ಇನ್ನೊಂದು ತುದಿ ಮೇಜಿನ ಮೇಲೆಯೇ ಬಿದ್ದಿತ್ತು.

"ಈ ಟೇಬಲ್ಲಿಗೆ ನಾನು ದಾರ ಹಿಡಿಯೋ ಹಾಗಿಲ್ಲ, ಮಾಮ."

ಡ್ರೈವರ್ ಮಾಮ ಅವನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹೋದ ವಾರದ ಒಂದು ಮಾತಿಗೆ, ಇವತ್ತು, ನನ್ನ ಅಣ್ಣನ ಹಡಗಿನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಅವನು ಗೋಡೆಯ ಕಡೆ ತಿರುಗಿ ನಿಂತ. ಮಾಮನೇ ಬಂದು ದಾರ ಹಿಡಿದರು. ಬಹಳ ಹೊತ್ತು ನೋಡಿದರು.

"ಮುಟ್ಟಿದೆ ಮಗಳೇ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ವಕೀಲರ ದಾಳವೂ ತಪ್ಪಲಿಲ್ಲ, ಆದರೆ ಅವರು ಗೆದ್ದೆ ಎಂದು ಹೇಳಲಿಲ್ಲ. ಅಣ್ಣನ ಹಡಗನ್ನು ಎರಡು ಕೈಯಲ್ಲೂ ಎತ್ತಿ ಕಪಾಟಿಗೆ ತೆಗೆದುಕೊಂಡು ಹೋದರು.

ನಾನು ಮೆಟ್ಟಿಲಿಳಿದು ಓಡಿದೆ. ಸೈಕಲ್ ಅಂಗಡಿ ಮುಚ್ಚಿತ್ತು. ಮೆಟ್ಟಿಲ ಕೊನೆಯಲ್ಲಿ ಕೂತು, ಅಣ್ಣ ಹೋದ ದಿನದಷ್ಟೇ ಅತ್ತೆ. ಹಿಂದೆ ಹೆಜ್ಜೆ ಕೇಳಿಸಿತು. ನಡುವೆ ಕೆಲವು ಮೆಟ್ಟಿಲು ಬಿಟ್ಟು ಅವನು ನಿಂತ.

ತಿರುಗದೆ ಕೇಳಿದೆ. "ನಿಜ ಹೇಳಿ. ಮುಟ್ಟಿತ್ತಾ?"

"ನಾನು ನೋಡಿಲ್ಲ. ನೋಡಿದ್ರೆ ಇಲ್ಲ ಅಂತಿದ್ದೆ. ಮುಟ್ಟಿದ್ರೂ ಇಲ್ಲ ಅಂತಿದ್ದೆ."

ನನಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ನಂಬಿಕೆ ಬರಲಿಲ್ಲ. ಮತ್ತೆ ಇಷ್ಟು ದಿನ ನನಗೆ ಯಾಕೆ ಅನ್ಯಾಯ ಮಾಡಿದಿರಿ ಎಂದೆ.

"ನಿಮ್ಮ ಕಡೆ ವಾಲ್ತಿದೀನಿ ಅಂತ ನನಗೇ ಭಯ ಆಯ್ತು. ಅದಕ್ಕೆ ಆ ಕಡೆ ಎಳೆದೆ. ಜಾಸ್ತಿ ಎಳೆದುಬಿಟ್ಟೆ." ಅವನ ದನಿ ಇಳಿಯಿತು. "ಅವತ್ತು ನೀವು ಅಂದಿದ್ದು ಸರಿ. ಬೇರೆ ಎಲ್ಲ ಟೇಬಲ್ಲಿಗೂ ನನ್ನ ಕಣ್ಣು ನೆಟ್ಟಗಿದೆ. ನಿಮ್ಮದಕ್ಕೆ ಮಾತ್ರ ಆಗಲ್ಲ. ಮಾಮನ ಕಾನೂನು ನೆಂಟರಿಗೆ ಮಾತ್ರ ಅಂದ್ಕೊಂಡಿದ್ದೆ. ನೀವು ನನಗೆ ಏನೂ ಆಗ್ಬೇಕಿಲ್ಲ, ಗೊತ್ತು. ಆದ್ರೂ ಇವತ್ತು ಆ ಹಡಗಿನ ವಿಷಯದಲ್ಲಿ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ನಿಮ್ಮ ಅಣ್ಣ ನನ್ನ ತೀರ್ಪು ನಂಬ್ತಿದ್ರು."

ಎದ್ದು ಮನೆಗೆ ಹೋದೆ. ಅಮ್ಮನಿಗೆ ಹಡಗಿನ ಕಥೆ ಹೇಳಿದೆ, ಮೆಟ್ಟಿಲ ಮೇಲಿನದನ್ನೂ ಹೇಳಿದೆ. ಅವಳು ಅಣ್ಣನ ಕೋಣೆಯ ದೀಪ ಹಾಕಿ, ಖಾಲಿ ಮೇಜನ್ನು ಸೆರಗಿನಿಂದ ಒರೆಸಿದಳು. ಅವನಿಗೆ ಮನುಷ್ಯರ ಗುರುತು ಚೆನ್ನಾಗಿತ್ತು ಕಣೆ, ಎಂದಳು. ಅಣ್ಣನ ಮಾತೆಂದು ಕೇಳದೆಯೇ ತಿಳಿಯಿತು. ಅಮ್ಮ ಅಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತೆ. ಆ ಕೋಣೆಗೆ ಇಬ್ಬರೂ ಕಾಲಿಟ್ಟಿದ್ದೆವು, ಏನೂ ಆಗಿರಲಿಲ್ಲ.

ಮುಂದಿನ ಭಾನುವಾರ, ಆ ಅರ್ಧ ರೆಕ್ಕೆ ಮುಗಿಸುವ ಧೈರ್ಯ ಬಂದರೆ ಬೇಕಾದೀತೆಂದು, ಅಣ್ಣನ ಬ್ರಶ್ಶುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಕಪಾಟಿನ ಗಾಜು ಮೊದಲೆಲ್ಲ ಬೆರಳಚ್ಚು ಹತ್ತಿ ಮಂಕಾಗಿರುತ್ತಿತ್ತು. ಅವತ್ತು ಕನ್ನಡಕ ಒರೆಸಿದ ಹಾಗೆ ಸ್ವಚ್ಛವಾಗಿತ್ತು. ನೀಲಿ ಹಡಗು ನನ್ನ ಕಣ್ಣಿನ ಎತ್ತರಕ್ಕೆ ಸರಿಯಾದ ಅರೆಯಲ್ಲಿ, ಬಣ್ಣ ಹತ್ತದ ರೆಕ್ಕೆ ಗೋಡೆಯ ಕಡೆಗೆ ಬರುವಂತೆ ನಿಂತಿತ್ತು. ಯಾರು ಇಟ್ಟಿದ್ದೆಂದು ಕೇಳಬೇಕಾಗಿರಲಿಲ್ಲ. ಅವನು ಕಿಟಕಿಯ ಬಳಿಯೂ ಕೂತಿರಲಿಲ್ಲ, ಬಾಗಿಲ ಹತ್ತಿರ ನಿಂತಿದ್ದ, ಯಾರಾದರೂ ಹೋಗು ಎಂದರೆ ಹೊರಟುಬಿಡುವವನ ಹಾಗೆ.

ನಾನು ಸಣ್ಣ ಹಡಗುಗಳನ್ನು ಇಳಿಸಿ ಮತ್ತೆ ವಕೀಲರ ಜೊತೆಗೇ ಆಡಿದೆ. ಸ್ವಲ್ಪ ಹೊತ್ತಿಗೇ ತಕರಾರು ಬಂತು. ನಾನು ದಾರದ ತುದಿ ಎತ್ತಿಕೊಂಡೆ. ವಕೀಲರು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ ಅವನನ್ನು ಕರೆದರು. ಅವನು ಅಲ್ಲಾಡಲಿಲ್ಲ.

"ಮಾಮ, ನೀವೇ ಬನ್ನಿ," ಎಂದೆ. "ಇವರು ನನ್ನ ಟೇಬಲ್ಲಿಗೆ ದಾರ ಹಿಡಿಯೋ ಹಾಗಿಲ್ಲ. ಇವತ್ತಲ್ಲ, ಇನ್ಯಾವತ್ತೂ."

ಡ್ರೈವರ್ ಮಾಮ ಗಂಭೀರವಾಗಿ ಕೇಳಿದರು. "ಯಾಕಮ್ಮ? ಕಣ್ಣು ಸರಿ ಇಲ್ಲ ಅಂತಾನಾ?"

"ಅಲ್ಲ. ಕಾನೂನು ನೀವೇ ಮಾಡಿದ್ದಲ್ವಾ ಮಾಮ? ತನ್ನವರ ಟೇಬಲ್ಲಿಗೆ ಹಿಡಿಯಬಾರದು ಅಂತ."

ಮಾಮ ವಕೀಲರನ್ನು ನೋಡಿ, ನಿಮ್ಮದೇನಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ವಕೀಲರು ಇಲ್ಲ ಎಂದರು.

ಮಾಮ ದಾರ ಹಿಡಿದು ಬಗ್ಗಿದರು. ನನ್ನ ಹಡಗು ಅವತ್ತೂ ಸಿಕ್ಕಿಬಿತ್ತು, ವಕೀಲರು ದಾಳ ಉರುಳಿಸಿದರು. ನಾನು ಆ ಕಡೆ ನೋಡುತ್ತಿರಲಿಲ್ಲ. ಬಾಗಿಲ ಬಳಿಯಿಂದ ಅವನು ನಿಧಾನವಾಗಿ ನಡೆದು ಬಂದ, ಮೇಜನ್ನು ಸುತ್ತಿ ನಾನಿದ್ದ ಬದಿಗೆ ಬಂದ, ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ.