ತಂಗಿಗೆ ಕೇಳಿಸಿದ ಕೆಮ್ಮು

ನಂಬುವವರು ನಂಬಿ, ಬಿಡುವವರು ಬಿಡಿ, ನಡೆದದ್ದನ್ನೇ ಹೇಳುತ್ತಿದ್ದೇನೆ. ನಾನು ಹೊಲಿಗೆಯವಳು. ಮಿಷನ್ ಮುಂದೆ ಕೂತರೆ ಕೈಗೆ ಬಿಡುವಿಲ್ಲ. ಅದಕ್ಕೇ ಫೋನಿನಲ್ಲಿ ಮಾತಾಡಲು ವೈರಿಲ್ಲದ ಇಯರ್‌ಫೋನ್ ಕೊಳ್ಳಲು ಹೋಗಿದ್ದೆ. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಬದುಕಿದ್ದಷ್ಟು ದಿನ ನನ್ನ ಫೋನು ಕಸಿದುಕೊಂಡು ತಾವೇ ಮಾತಾಡುತ್ತಿದ್ದರು.

ಅಂಗಡಿಯವನು ಸೀಲು ಒಡೆದು ಕೊಟ್ಟದ್ದು, ಯಾರದೋ ಕಿವಿಯಿಂದ ಈಗಷ್ಟೇ ತೆಗೆದ ಹಾಗೆ ಬೆಚ್ಚಗಿತ್ತು. ಹಾಕಿಕೊಂಡು ತಂಗಿಗೆ ಫೋನ್ ಮಾಡಿದೆ.

"ಅಕ್ಕಾ, ಪಕ್ಕದಲ್ಲಿ ಯಾರು ಕೆಮ್ತಿರೋದು?" ಎಂದಳು.

ಅಂಗಡಿಯಲ್ಲಿ ನಾವಿಬ್ಬರೇ; ಯಾರೂ ಕೆಮ್ಮಿರಲಿಲ್ಲ. ಅದನ್ನು ಕೊಟ್ಟು ಬೇರೊಂದು ಜೊತೆ ಹಾಕಿಕೊಂಡೆ. ಅದೂ ಬೆಚ್ಚಗಿತ್ತು.

"ಥೇಟ್ ಭಾವನ ಕೆಮ್ಮು ಕಣಕ್ಕಾ!" ಎಂದು ತಂಗಿ ಕೂಗಿಕೊಂಡಳು.

"ಇದು ನೋಡಿ ಅಮ್ಮ, ಸುತ್ತಲ ಗದ್ದಲ ಅಳಿಸಿ ಮಾತಾಡೋರ ದನಿಯನ್ನಷ್ಟೇ ಕಳಿಸುತ್ತೆ," ಎಂದು ಅಂಗಡಿಯವನು ಮೂರನೆಯದು ಕೊಟ್ಟ.

"ಈಗ ಸರಿಯಾಗಿ ಕೇಳಿಸ್ತಿದೆಯೇನೇ?" ಎಂದೆ.

ಆ ಕಡೆಯಿಂದ ತಂಗಿ, "ಹೂಂ ಭಾವ... ಹೂಂ... ಆಯ್ತು ಭಾವ," ಎನ್ನುತ್ತಿದ್ದಳು. ನಾನು ಕಿರುಚಿದರೂ ಅವಳಿಗೆ ಕೇಳಿಸಲಿಲ್ಲ. ನನಗೋ, ಅವಳ ದನಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಸತ್ತ ಮೇಲೂ ನನಗೆ ಬಾಯಿ ತೆರೆಯಲು ಬಿಡಲಿಲ್ಲ ಮಹಾರಾಯ. ಅವರು ಏನಂದರೆಂದು ತಂಗಿ ಇವತ್ತಿನವರೆಗೂ ಹೇಳಿಲ್ಲ. ಆವತ್ತಿನಿಂದ ನನ್ನ ಮನೆಗೆ ಕಾಲಿಟ್ಟಿಲ್ಲ.