ಗೆಣ್ಣಿನ ಗುಳಿ

"ಮುಷ್ಟಿ ಹಿಡಿ, ಸಾವಂತ್ರಿ. ಇನ್ನೂ ಬಿಗಿ."

ಗಾಜಿನ ಮೇಜಿನ ಮೇಲೆ ಹುಡುಗಿಯ ಕೈ ಬರೀ ಮೂಳೆಗಳಾಗಿ ಬೆಳಗಿತು. ಅಸ್ಥಿದರ್ಪಣ ಎಂಬ ಈ ಹೊಸ ಯಂತ್ರ ಮೂಳೆಯನ್ನು ತೋರಿಸುವುದಷ್ಟೇ ಅಲ್ಲ, ಕೆಟ್ಟ ವಂಶವಾಹಿಯನ್ನು ಬೆಳಕಿನಿಂದ ತಿದ್ದುತ್ತಲೂ ಇತ್ತು. ಉಂಗುರ ಬೆರಳಿನ ಬುಡದ ಮೂಳೆ ಮೋಟಾಗಿತ್ತು. ಗೆಣ್ಣು ಉಬ್ಬಬೇಕಾದಲ್ಲಿ ಗುಳಿ. ತಲೆಯ ಚಿತ್ರದಲ್ಲಿ, ಮಿದುಳಿನ ಆಳದಲ್ಲಿ, ಸುಣ್ಣ ಕಟ್ಟಿದ ಬಿಳಿ ಚುಕ್ಕೆಗಳು.

"ಫಿಟ್ಸ್ ಬಂದಾಗ ಏನ್ ಮಾಡ್ತಿದ್ರಿ?" ಡಾಕ್ಟರ್ ಮುಕ್ತಾ ಇನಾಂದಾರ್ ಕೇಳಿದರು.

"ಮುಷ್ಟಿಯಾಗ ಕಬ್ಬಿಣದ ಕೀಲಿಕೈ ಹಿಡಸ್ತಿದ್ವಿರಿ," ಎಂದಳು ತಾಯಿ ಕಾಶವ್ವ.

"ಮುಷ್ಟಿ ಮಾತ್ರ ಯಾರೂ ನೋಡ್ಲಿಲ್ಲ! ಈ ಗುಳಿನ ರೋಗದ ಗುರುತು," ಎಂದರು ಡಾಕ್ಟರು.

"ನಮ್ಮ ವಂಶದಾಗ ಇಂಥಾ ಕೈ ಇಲ್ರಿ," ಬಾಗಿಲಲ್ಲಿದ್ದ ಕಾಶವ್ವನ ಅತ್ತೆ ತಿಪ್ಪವ್ವ ಚುಚ್ಚಿದಳು. "ಎಲ್ಲಿಂದ ಬಂತೋ!"

ಕಾಶವ್ವನ ಬಲಗೈ ಸೆರಗಿನೊಳಗೇ ಇತ್ತು. ಡಾಕ್ಟರು ಮುದುಕಿಯನ್ನು ಹೊರಗೆ ಕಳಿಸಿ, ಆ ಕೈಯನ್ನೂ ಗಾಜಿನ ಮೇಲೆ ಇಡಿಸಿದರು. ಅದೇ ಗುಳಿ.

"ನಮ್ಮಪ್ಪನ ಕೈರಿ ಇದು. ಆದ್ರ ನನಗ ಒಮ್ಮೆನೂ ಫಿಟ್ಸ್ ಬಂದಿಲ್ಲ."

"ಈ ದೋಷ ತಂದಿಯಿಂದ ಬಂದ್ರ ಮೂಳಿಗಷ್ಟ. ತಾಯಿಯಿಂದ ಬಂದ್ರ ಹಾರ್ಮೋನಿನ ಮಾತು ಮೂತ್ರಪಿಂಡಕ್ಕ ಕೇಳಂಗಿಲ್ಲ. ರಕ್ತದಾಗ ಕ್ಯಾಲ್ಸಿಯಂ ಇಳೀತದ, ಮೈ ಸೆಟೀತದ."

"ಅಂದ್ರ ನನ್ನಿಂದನ ಬಂತು." ಕಾಶವ್ವ ಕೈ ಮುಗಿದಳು. "ನಮ್ಮತ್ತಿ ಮುಂದ ಹೇಳಬ್ಯಾಡ್ರಿ. ಮನಿ ಬಿಡಸ್ತಾಳ."

"ಕೂಸು ಮೊದಲು ಗುಣಾಗ್ಲಿ. ಆಮ್ಯಾಲೆ ನಿಮ್ಮ ಕೈನೂ ತಿದ್ದೂಣು. ಗುರುತ ಉಳಿಯಂಗಿಲ್ಲ."

ಬೆಳಕಿನ ಚಿಕಿತ್ಸೆ ನಡೆದು, ಚಳಿಗಾಲದ ಹೊತ್ತಿಗೆ ಸಾವಂತ್ರಿಯ ಫಿಟ್ಸ್ ನಿಂತಿತು. ಯಂತ್ರಕ್ಕೆ ರೋಗ ಯಾವುದು, ರೂಪ ಯಾವುದು ಎಂಬ ಭೇದವಿರಲಿಲ್ಲ. ಮೋಟು ಮೂಳೆಯನ್ನೂ ಅದು ಬೆಳೆಸಿತ್ತು. ಕೊನೆಯ ತಪಾಸಣೆಯ ದಿನ ಸಾವಂತ್ರಿ ಆಸ್ಪತ್ರೆಯ ನೆಲದ ಮೇಲೆ ಹರಳಾಟಕ್ಕೆ ಕೂತಳು. ಹರಳು ಮೇಲೆ ಹಾರಿಸಿ ಮಡಿಸಿದ ಮುಷ್ಟಿಯ ಮೇಲೆ ಹಿಡಿಯಬೇಕು. ಮೊದಲಾಗಿದ್ದರೆ ಅದು ನೇರ ಬಂದು ಗುಳಿಯಲ್ಲಿ ಕೂರುತ್ತಿತ್ತು. ಓಣಿಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಈಗ ಉರುಳಿತು. ಮತ್ತೊಮ್ಮೆ ಹಾರಿಸಿದಳು. ಮತ್ತೆ ಉರುಳಿತು.

"ಯವ್ವಾ, ಈ ಕೈ ನಂದಲ್ಲ."

ತುಟಿ ಕಚ್ಚಿಕೊಂಡು ಬಂದವಳು ತಾಯಿಯ ಸೆರಗಿನೊಳಗಿಂದ ಕೈಯನ್ನು ಹೊರಗೆಳೆದು, ಮುಷ್ಟಿ ಮಡಿಸಿ, ಹರಳನ್ನಿಟ್ಟಳು. ಅದು ಅಲ್ಲಾಡದೆ ಕೂತಿತು. ಹುಡುಗಿ ನಕ್ಕಳು.

ಪಕ್ಕದಲ್ಲೇ ಕೂತಿದ್ದ ತಿಪ್ಪವ್ವ ಬಗ್ಗಿ ಆ ಗುಳಿಯನ್ನೇ ನೋಡಿದಳು. "ಹಂಗಾರ ನಿಂದ ಇದು!"

ಡಾಕ್ಟರು ತಡಮಾಡದೆ ಗಾಜಿನ ಮೇಜಿನ ದೀಪ ಹೊತ್ತಿಸಿದರು. "ಬರ್ರಿ ಕಾಶವ್ವ, ಕೈ ಇಡ್ರಿ. ಇನ್ನ ಯಾರೂ ಬೆರಳು ತೋರಸೂದಿಲ್ಲ."

ಕಾಶವ್ವ ಮುಷ್ಟಿ ಬಿಚ್ಚಲಿಲ್ಲ, ಸೆರಗಿನೊಳಗೂ ಎಳೆದುಕೊಳ್ಳಲಿಲ್ಲ.

"ಒಲ್ಲೆರಿ," ಅಂದಳು.