ಹತ್ತೊಂಬತ್ತು ಅಡಿಯ ತಳ

ಆ ಸರೋವರದಲ್ಲಿ ದೈತ್ಯ ಪ್ರಾಣಿ ನಿಜವಾಗಿಯೂ ಇದೆಯೇ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ನಾನು ಆಳ ಅಳೆಯುವವನು, ಅಳತೆ ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ.

ಕುಡಿಯುವ ನೀರಿನ ಪೈಪು ಹಾಕಲು ಗುರುತು ಮಾಡಿದ್ದ ಜಾಗ. ಬೆಳಗಿನ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ದೋಣಿಯಿಂದ ಇಳಿಬಿಟ್ಟೆ. ನಲವತ್ತೊಂದು ಅಡಿ. ತಳದ ಮಣ್ಣು ಅಂಟಿ ಬರಲೆಂದು ಗುಂಡಿಗೆ ಗ್ರೀಸ್ ಬಳಿದಿರುತ್ತೇವೆ. ಕಪ್ಪು ಕೆಸರು ಬಂತು. ಖಾತ್ರಿಗೆಂದು ಇನ್ನೊಮ್ಮೆ ಬಿಟ್ಟೆ. ಹತ್ತೊಂಬತ್ತಕ್ಕೇ ಹಗ್ಗ ಸಡಿಲವಾಯಿತು. ಮೇಲೆಳೆದರೆ ಗ್ರೀಸಿನಲ್ಲಿ ಒಂದು ಕಣ ಮಣ್ಣಿಲ್ಲ, ಯಾರೋ ಅಂಗೈಯಿಂದ ಸವರಿದಷ್ಟು ನುಣುಪು. ಗುಂಡು ಬೆಚ್ಚಗಿತ್ತು.

"ದೋಣಿ ಜರುಗಿತಾ?" ಎಂದೆ.

"ಎರಡೆರಡು ಲಂಗರು ಹಾಕಿದೀನಿ, ಎಲ್ಲಿಗೆ ಜರುಗತ್ತೆ?" ಎಂದು ದೋಣಿಯವನು ಗೊಣಗಿದ.

ಮೂರನೆಯ ಸಲ ಮತ್ತೆ ನಲವತ್ತೊಂದು.

ಪೈಪಿಗಾಗಿ ತಳ ನೋಡಿಬರಲು ಅಲ್ಲಿ ಮುಳುಗು ಹಾಕಬೇಕಿದ್ದವರು ನನ್ನ ಅಕ್ಕನ ಗಂಡ. ಅದೇ ದೋಣಿಯಲ್ಲಿ ಕೂತು ಬೆನ್ನಿಗೆ ಸಿಲಿಂಡರ್ ಬಿಗಿಯುತ್ತಿದ್ದರು.

"ಇವತ್ತು ಬೇಡ ಭಾವ."

"ದೈತ್ಯ ಬಂದ್ರೆ ನಿಮ್ಮಕ್ಕನ ಹೆಸರು ಹೇಳ್ತೀನಿ ಬಿಡೋ, ಅದೇ ಓಡಿಹೋಗತ್ತೆ," ಎಂದು ನಕ್ಕು ನೀರಿಗಿಳಿದರು.

ಇಪ್ಪತ್ತು ನಿಮಿಷ ಅವರ ಸೊಂಟದ ಹಗ್ಗ ಹಿಡಿದು ಕೂತಿದ್ದೆ. ಮೇಲೆ ಬಂದವರೇ ಮುಖದ ಗಾಜು ಕಿತ್ತು ನನ್ನ ಮೇಲೆ ರೇಗಿದರು.

"ಕೆಳಗೆ ಬರೀ ಕೆಸರು, ಮತ್ತೇನೂ ಇಲ್ಲ. ಆದ್ರೆ ನಾನು ತಳದಲ್ಲಿರುವಾಗ ತಲೆ ಮೇಲೆ ಯಾಕೋ ದೋಣಿ ಓಡಾಡಿಸಿದ್ರಿ? ಎರಡು ಸಲ ಪೂರ್ತಿ ಕತ್ತಲಾಯ್ತು."

ದೋಣಿಯವನೂ ನಾನೂ ಮುಖ ಮುಖ ನೋಡಿಕೊಂಡೆವು. ಬೆಳಿಗ್ಗೆ ಹಾಕಿದ ಲಂಗರುಗಳನ್ನು ನಾವಿನ್ನೂ ಎತ್ತಿರಲೇ ಇಲ್ಲ.